ಮಳೆಗಾಲದಲ್ಲಿ ಧ್ವನಿಮುದ್ರಣ, ಚೌತಿಯಿಂದ ವೇದಿಕೆ: ಉತ್ತರ ಕನ್ನಡದಲ್ಲಿ ಸ್ವಂತ ಹಾಡು ಹಾಡುವವರಿಗೆ

ಉತ್ತರ ಕನ್ನಡದಲ್ಲಿ ಸ್ವಂತ ಹಾಡು ಕಟ್ಟಿ ಹಾಡುವವರ ವರ್ಷವನ್ನು ನಿರ್ಧರಿಸುವುದು ಮಳೆ. ಜೂನ್ ಹಿಡಿದ ಮೇಲೆ ಬಯಲು ಕಾರ್ಯಕ್ರಮ ನಿಂತೇಹೋಗುತ್ತದೆ. ಚೌತಿಗೆ ಮಂಟಪಗಳಲ್ಲಿ ಮತ್ತೆ ಶುರುವಾಗಿ, ನವರಾತ್ರಿ, ಕಾರ್ತಿಕದ ದೀಪೋತ್ಸವ, ಶಾಲೆಯ ವಾರ್ಷಿಕೋತ್ಸವ, ಊರ ಜಾತ್ರೆ ಎಂದು ಮೇ ತಿಂಗಳವರೆಗೆ ಸಾಗುತ್ತದೆ. ಆ ಎಂಟು ತಿಂಗಳಲ್ಲಿ ಮುದ್ರಣಕ್ಕೆ ಪುರಸೊತ್ತು ಸಿಗುವುದಿಲ್ಲ, ಗಂಟಲೂ ದಣಿದಿರುತ್ತದೆ. ಹಾಗಾಗಿ ಹಾಡು ಬರೆಯುವುದು, ಮುದ್ರಿಸುವುದು, ರೇಡಿಯೊಗೆ ಕಳಿಸುವುದು ಮೂರನ್ನೂ ಮಳೆಗಾಲದಲ್ಲೇ ಮುಗಿಸಿಕೊಳ್ಳಬೇಕು. ಕಾರ್ಯಕ್ರಮ ಮಾಡುವವರು “ಒಂದು ಹಾಡು ಕಳಿಸಿ, ಕೇಳಿ ಹೇಳ್ತೇವೆ” ಎಂದಾಗ ಕಳಿಸಲು ಒಳ್ಳೆಯ ಮುದ್ರಣ ಕೈಯಲ್ಲಿಲ್ಲದೆ ಅವಕಾಶ ಕಳೆದುಕೊಳ್ಳುವವರೇ ಹೆಚ್ಚು. ಆದರೆ ಮುದ್ರಣಕ್ಕೆ ಅತ್ಯಂತ ಕಷ್ಟದ ಕಾಲವೂ ಇದೇ. ಅದಕ್ಕೆ ಈ ಬರಹದ ದೊಡ್ಡ ಭಾಗವನ್ನು ಅದಕ್ಕೇ ಕೊಟ್ಟಿದ್ದೇವೆ.

ಜಾಗ ಮತ್ತು ಹೊತ್ತು

ಕೋಣೆ ಆರಿಸುವಾಗ ಮೊದಲು ಮಾಡು ನೋಡಿ. ತಗಡಿನ ಮಾಡಿನ ಕೆಳಗೆ ಸಣ್ಣ ಹನಿ ಬಿದ್ದರೂ ಮುದ್ರಣ ಆಗದು. ಹಂಚಿನ ಮನೆಯಲ್ಲಿ ಮೆತ್ತು ಇದ್ದರೆ ಅದರ ಕೆಳಗಿನ ಒಳಕೋಣೆ ಹಿಡಿಯಿರಿ. ಹಂಚಿಗೂ ಕೋಣೆಗೂ ನಡುವೆ ಮರದ ಹಲಗೆ, ಅದರ ಮೇಲೆ ಒಂದಿಷ್ಟು ಚೀಲ, ಸಾಮಾನು ಇರುವುದರಿಂದ ಮಳೆಯ ಸದ್ದು ಸಾಕಷ್ಟು ತಗ್ಗುತ್ತದೆ. ಆರ್‌ಸಿಸಿ ಮನೆಯಲ್ಲಿ ಮಳೆಯ ಸದ್ದು ಕಡಿಮೆಯಾದರೂ ಸಿಮೆಂಟ್ ಗೋಡೆಯ ಖಾಲಿ ಕೋಣೆಯಲ್ಲಿ ಧ್ವನಿ ಗೋಡೆಯಿಂದ ಗೋಡೆಗೆ ಬಡಿದು ಮರಳುತ್ತದೆ. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಅದರ ಬೆನ್ನಿಗೇ ಸಣ್ಣ ಝೇಂಕಾರ ಕೇಳಿಸಿದರೆ ಹಾಡಿನಲ್ಲೂ ಅದು ಬರುತ್ತದೆ.

ಇದಕ್ಕೆ ಹಾಸಿಗೆ, ಕಂಬಳಿ ಸಾಕು. ಹಾಡುವವರ ಬೆನ್ನ ಹಿಂದೆ ಎರಡು ಹತ್ತಿಯ ಹಾಸಿಗೆಗಳನ್ನು ಮೂಲೆಯಾಗುವಂತೆ ನಿಲ್ಲಿಸಿ. ಕಾರ್ಡಿಯಾಯ್ಡ್ ಮೈಕು ತನ್ನ ಎದುರಿನದ್ದನ್ನು ಹಿಡಿಯುತ್ತದೆ, ಅಂದರೆ ಹಾಡುವವರ ಬಾಯಿಯ ಜೊತೆಗೆ ಅವರ ಬೆನ್ನ ಹಿಂದಿನ ಗೋಡೆಯನ್ನೂ. ಅನೇಕರು ಮೈಕಿನ ಹಿಂದೆ ಮಾತ್ರ ಬಟ್ಟೆ ಕಟ್ಟಿ, ಯಾಕೆ ಸರಿಯಾಗಲಿಲ್ಲ ಎಂದು ತಲೆ ಕೆಡಿಸಿಕೊಳ್ಳುವುದು ಇದು ಗೊತ್ತಿಲ್ಲದೆ. ಪಕ್ಕದ ಗೋಡೆಗೆ ದಪ್ಪ ಕಂಬಳಿಯನ್ನು ಮಡಚಿ ಹಗ್ಗಕ್ಕೆ ಹಾಕಿ, ಗೋಡೆಯಿಂದ ಒಂದು ಗೇಣು ದೂರ ಇರಲಿ. ಆ ಅಂತರವೇ ಕಂಬಳಿಯ ಕೆಲಸವನ್ನು ಹೆಚ್ಚಿಸುತ್ತದೆ. ಮೊಟ್ಟೆ ಟ್ರೇ ಅಂಟಿಸುವುದು ವ್ಯರ್ಥ ಶ್ರಮ. ಅಷ್ಟು ತೆಳುವಾದ ರಟ್ಟು ಹೊರಗಿನ ಸದ್ದನ್ನು ತಡೆಯುವುದಿಲ್ಲ, ಒಳಗಿನ ಮಂದ್ರ ಸ್ವರವನ್ನು ಹೀರುವುದೂ ಇಲ್ಲ.

ಹೊತ್ತಿನ ವಿಷಯ ಊರಿನಿಂದ ಊರಿಗೆ ಬೇರೆ. ಕಾರವಾರ, ಕುಮಟಾ ಪೇಟೆಯಲ್ಲಿ ರಾತ್ರಿ ಒಂದರಿಂದ ನಾಲ್ಕು ಗಂಟೆ ಒಳ್ಳೆಯದು. ಶಿರಸಿ, ಸಿದ್ದಾಪುರದ ಕಡೆ ಗದ್ದೆ ಪಕ್ಕದ ಮನೆಯಾದರೆ ಜುಲೈಯಲ್ಲಿ ರಾತ್ರಿಯಿಡೀ ಕಪ್ಪೆಗಳ ಕೂಗು. ಅಲ್ಲಿ ಬೆಳಿಗ್ಗೆ ಹತ್ತರ ಮೇಲೆ, ಮಳೆ ಹೊಳವಾದಾಗ ಮಾಡುವುದೇ ಮೇಲು. ಬೈತಖೋಲ್, ತದಡಿಯಂಥ ಬಂದರಿನ ಹತ್ತಿರ ಇರುವವರಿಗೆ ಒಂದು ಅನುಕೂಲವಿದೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬೆಳಗಿನ ಜಾವದ ಬೋಟು ಎಂಜಿನ್ ಸದ್ದು ಇರುವುದಿಲ್ಲ. ಆ 61 ದಿನಗಳನ್ನು ಬಿಡಬೇಡಿ.

ಕೋಣೆ ಸಜ್ಜಾದ ಮೇಲೆ ಫ್ಯಾನು, ಫ್ರಿಜ್ಜು ಆರಿಸಿ, ಒಂದು ನಿಮಿಷದ ಮೌನವನ್ನು ಮುದ್ರಿಸಿ ಹೆಡ್‌ಫೋನಿನಲ್ಲಿ ಧ್ವನಿ ಏರಿಸಿ ಕೇಳಿ. ಕಿವಿಗೆ ಬೀಳದೇ ಇದ್ದದ್ದು ಆಗ ಕೇಳಿಸುತ್ತದೆ. ಮಳೆ ನಿಂತು ಅರ್ಧ ಗಂಟೆಯಾದರೂ ಸೂರಿನ ಅಂಚಿನಿಂದ ಹನಿ ಬೀಳುತ್ತಲೇ ಇರುತ್ತದೆ. ಅಂಗಳದಲ್ಲಿಟ್ಟ ಕೊಡಕ್ಕೋ ಬಕೆಟ್ಟಿಗೋ ಆ ಹನಿ ಬಿದ್ದರೆ ‘ಟಣ್’ ಎಂಬ ಸದ್ದು ಹಾಡಿನ ತಾಳಕ್ಕೆ ಸೇರದೆ ಉದ್ದಕ್ಕೂ ಬರುತ್ತದೆ, ಆಮೇಲೆ ತೆಗೆಯಲು ಆಗುವುದಿಲ್ಲ. ಕೊಡ ಸರಿಸಿ, ಹನಿ ಬೀಳುವಲ್ಲಿ ಗೋಣಿ ಹಾಸಿ. ಮುದ್ರಣ ತಂತ್ರಾಂಶದ ಮೀಟರಿನಲ್ಲಿ (ಅಲ್ಲಿ ಸೊನ್ನೆಯೇ ಗರಿಷ್ಠ) ಮೌನವು -60 ಡೆಸಿಬೆಲ್ ಆಸುಪಾಸು ಇದ್ದರೆ ಚೆನ್ನ. -50ಕ್ಕಿಂತ ಮೇಲಿದ್ದರೆ ಆ ಹೊತ್ತು ಬಿಟ್ಟು ಬೇರೆ ಹೊತ್ತು ನೋಡಿ. ‘ಆಮೇಲೆ ನಾಯ್ಸ್ ರಿಡಕ್ಷನ್ ಹಾಕಿದರಾಯಿತು’ ಎಂಬ ಭರವಸೆ ಬೇಡ. ಜಡಿಮಳೆಯ ಸದ್ದೂ ‘ಸ’, ‘ಶ’ಕಾರಗಳೂ ಒಂದೇ ಆವರ್ತನಗಳಲ್ಲಿ ಇರುವುದರಿಂದ ಮಳೆ ತೆಗೆಯಲು ಹೋದರೆ ಅಕ್ಷರವೂ ಹೋಗುತ್ತದೆ.

ತೇವ

ಮಳೆಗಾಲದಲ್ಲಿ ಇಲ್ಲಿನ ಗಾಳಿಯ ತೇವಾಂಶ ಶೇಕಡಾ 90 ದಾಟುತ್ತದೆ. ಗಿಟಾರಿಗೆ ಬೇಕಾದದ್ದು 45ರಿಂದ 55. ಮರ ನೀರು ಹೀರಿ ಮೇಲ್ಹಲಗೆ ಉಬ್ಬುತ್ತದೆ, ಆಗ ತಂತಿ ಮೇಲೆದ್ದು ಒತ್ತಲು ಬೆರಳು ನೋಯುತ್ತದೆ, ಸ್ವರ ಮಂಕಾಗುತ್ತದೆ. ಗಟ್ಟಿ ಪೆಟ್ಟಿಗೆಯಲ್ಲಿ 200 ಗ್ರಾಂನಷ್ಟು ಸಿಲಿಕಾ ಜೆಲ್ ಮತ್ತು ಒಂದು ಸಣ್ಣ ತೇವಮಾಪಕ ಇಡಿ. ಬಣ್ಣ ಬದಲಾಯಿಸುವ ಜೆಲ್ ತಂದರೆ ಹೀರಿ ಮುಗಿದದ್ದು ಕಣ್ಣಿಗೇ ಕಾಣುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಣ್ಣ ಮರಳುವವರೆಗೆ ಬಿಸಿ ಮಾಡಿ ತಣಿಸಿ ಮತ್ತೆ ಬಳಸಬಹುದು, ಆದರೆ ಆ ಬಾಣಲೆ ಅಡುಗೆಗೆ ಬೇಡ. ಹಾರ್ಮೋನಿಯಮ್ಮನ್ನು ಬಳಸದೆ ಇಟ್ಟರೆ ಕೀ ಊದಿ ಸಿಕ್ಕಿಕೊಳ್ಳುತ್ತವೆ. ದಿನಾ ಹತ್ತು ನಿಮಿಷವಾದರೂ ನುಡಿಸಿ. ತಬಲಾದ ಚರ್ಮ ತೇವಕ್ಕೆ ಸಡಿಲಾಗಿ ಶ್ರುತಿ ಇಳಿಯುತ್ತದೆ. ಮುದ್ರಣಕ್ಕೆ ಒಂದು ಗಂಟೆ ಮೊದಲೇ ಕೋಣೆಗೆ ತಂದಿಟ್ಟು, ಅಲ್ಲಿನ ಗಾಳಿಗೆ ಒಗ್ಗಿದ ಮೇಲೆ ಶ್ರುತಿ ಮಾಡಬೇಕು.

ಕಂಡೆನ್ಸರ್ ಮೈಕು (ಸಣ್ಣ ಸದ್ದನ್ನೂ ಹಿಡಿಯುವ ಸೂಕ್ಷ್ಮ ಮೈಕು) ತೇವಕ್ಕೆ ಚಟಚಟ ಸದ್ದು ಮಾಡುತ್ತದೆ. ಬಳಸಿದ ಮೇಲೆ ಗಾಳಿಯಾಡದ ಡಬ್ಬದಲ್ಲಿ ಜೆಲ್ ಜೊತೆ ಇಡಿ. ಒಂದೇ ಮೈಕು ಕೊಳ್ಳಲು ಹಣ ಇದ್ದರೆ ನಮ್ಮ ಸಲಹೆ ಡೈನಾಮಿಕ್ ಮೈಕು, ಅಂದರೆ ವೇದಿಕೆಯಲ್ಲಿ ಬಳಸುವ ಗಟ್ಟಿಮುಟ್ಟಾದ ಬಗೆ. ಶೂರ್ ಎಸ್‌ಎಂ58 ಅಂಥದ್ದು ತೇವಕ್ಕೆ ಜಗ್ಗುವುದಿಲ್ಲ, ವೇದಿಕೆಗೂ ಆಗುತ್ತದೆ, ಬಾಯಿಗೆ ನಾಲ್ಕು ಬೆರಳು ಹತ್ತಿರ ಹಿಡಿದು ಹಾಡಿದರೆ ಹೊರಗಿನ ಮಳೆ ಅಷ್ಟಾಗಿ ನುಸುಳುವುದಿಲ್ಲ.

ಮುದ್ರಣದ ಕ್ರಮ

ಬೇಕಾದದ್ದು ಇಷ್ಟೇ: ಎರಡು ಇನ್‌ಪುಟ್‌ನ ಆಡಿಯೊ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ), ಮೈಕು, ಸ್ಟ್ಯಾಂಡು, ಪಾಪ್ ಫಿಲ್ಟರ್ (ಬಾಯಿಯ ಗಾಳಿ ತಡೆಯುವ ಜಾಲರಿ), ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು, ಲ್ಯಾಪ್‌ಟಾಪು. ತಂತ್ರಾಂಶಕ್ಕೆ ಆಡಾಸಿಟಿ ಉಚಿತ; ರೀಪರ್ 60 ದಿನ ಪರೀಕ್ಷೆಗೆ ಸಿಗುತ್ತದೆ, ಹಲವು ಟ್ರ್ಯಾಕಿನ ಕೆಲಸಕ್ಕೆ ಅದು ವಾಸಿ. 24 ಬಿಟ್, 48 ಕಿಲೋಹರ್ಟ್ಸ್ ಇಟ್ಟುಕೊಳ್ಳಿ.

ಮೊದಲು ಮೆಟ್ರೊನೋಮ್ (ತಾಳಕ್ಕೆ ಟಿಕ್ ಟಿಕ್ ಎನ್ನುವ ಗಡಿಯಾರ) ಹಾಕಿ ಗಿಟಾರು, ಧ್ವನಿ ಎರಡೂ ಸೇರಿದ ಒಂದು ಕಚ್ಚಾ ಟ್ರ್ಯಾಕ್ ಮಾಡಿ. ಇದು ದಾರಿ ತೋರಿಸಲು ಮಾತ್ರ, ಕೊನೆಗೆ ಅಳಿಸುತ್ತೀರಿ. ಸೋಬಾನೆ, ಸುಗ್ಗಿ ಪದದ ಧಾಟಿಯಲ್ಲಿ ಕಟ್ಟಿದ ಹಾಡಿಗೆ ಮೆಟ್ರೊನೋಮ್ ಹಾಕಿದರೆ ಉಸಿರು ಕಟ್ಟಿದಂತಾಗುತ್ತದೆ. ಅಂಥದ್ದನ್ನು ತಾಳವಿಲ್ಲದೆ ಒಂದೇ ಸಲಕ್ಕೆ ಹಾಡಿ ಮುದ್ರಿಸುವುದೇ ಸರಿ.

ನಂತರ ಗಿಟಾರು. ಮೈಕನ್ನು ಹನ್ನೆರಡನೇ ಫ್ರೆಟ್‌ನ ಎದುರು, ಒಂದಡಿ ದೂರದಲ್ಲಿ ಇಡಿ. ನಡುವಿನ ರಂಧ್ರದ ಎದುರಿಟ್ಟರೆ ಗುಂಯ್ಗುಡುವ ಮಂದ್ರವೇ ತುಂಬಿ, ಧ್ವನಿಗೆ ಜಾಗ ಉಳಿಯುವುದಿಲ್ಲ. ಗೇನನ್ನು, ಅಂದರೆ ಮೈಕಿನ ಸದ್ದನ್ನು ಏರಿಸುವ ಗುಂಡಿಯನ್ನು, ಅತಿ ಜೋರಾಗಿ ನುಡಿಸುವ ಕಡೆಯೂ -12 ಡೆಸಿಬೆಲ್ ದಾಟದಂತೆ ಇಡಿ. ಪರದೆಯ ಮೇಲೆ ಅಲೆ ಸಣ್ಣದಾಗಿ ಕಂಡರೂ ಚಿಂತೆಯಿಲ್ಲ, 24 ಬಿಟ್‌ನಲ್ಲಿ ಆಮೇಲೆ ಏರಿಸಿದರೆ ಏನೂ ಕೆಡದು. ಮೀಟರು ಕೆಂಪಾಗಿ ಒಡೆದ ಸ್ವರವನ್ನು ಮಾತ್ರ ಯಾರೂ ಸರಿಮಾಡಲಾರರು.

ಕೊನೆಗೆ ಧ್ವನಿ. ಕಂಡೆನ್ಸರ್ ಆದರೆ ಬಾಯಿಗೆ ಒಂದು ಗೇಣು ದೂರ, ನಡುವೆ ಪಾಪ್ ಫಿಲ್ಟರ್. ‘ಪ’, ‘ಫ’, ‘ಭ’ಗಳಲ್ಲಿ ಗಾಳಿ ಬಡಿದು ‘ಧಬ್’ ಎನ್ನುತ್ತದೆ. ಮೈಕನ್ನು ಬಾಯಿಯ ನೇರಕ್ಕಿಂತ ಎರಡು ಬೆರಳು ಪಕ್ಕಕ್ಕೆ ಸರಿಸಿ ಮೂತಿಯನ್ನು ತುಟಿಯ ಕಡೆ ತಿರುಗಿಸಿದರೆ ಉಸಿರು ಅದನ್ನು ದಾಟಿ ಹೋಗುತ್ತದೆ. ತಂತ್ರಾಂಶದ ಬಫರ್ (ಇದು ಹೆಚ್ಚಿದಷ್ಟೂ ಧ್ವನಿ ತಡವಾಗಿ ಕೇಳಿಸುತ್ತದೆ) ಹಾಡುವಾಗ 128, ಮಿಶ್ರಣ ಮಾಡುವಾಗ 1024 ಇರಲಿ. ನಿಮ್ಮ ಧ್ವನಿ ಹೆಡ್‌ಫೋನಿನಲ್ಲಿ ತಡವಾಗಿ ಕೇಳಿಸಿದರೆ ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿ. ಪೂರ್ತಿ ಹಾಡನ್ನು ಮೂರು ಸಲ ಹಾಡಿ, ಚರಣಕ್ಕೆ ಚರಣ ಒಳ್ಳೆಯದನ್ನು ಆರಿಸಿ ಜೋಡಿಸಿ. ಹತ್ತನೇ ಸಲಕ್ಕೆ ಶ್ರುತಿ ಸರಿಯಿದ್ದರೂ ಹಾಡಿನಲ್ಲಿ ಜೀವ ಇರುವುದಿಲ್ಲ.

ಮುದ್ರಣದಲ್ಲಿ ಸಣ್ಣ ‘ಹೂಂ’ ಸದ್ದು ಬಂದರೆ ಚಾರ್ಜರು ತೆಗೆದು ಬ್ಯಾಟರಿಯಲ್ಲಿ ನಡೆಸಿ ನೋಡಿ. ಹೆಚ್ಚಿನ ಸಲ ಅಷ್ಟಕ್ಕೇ ನಿಲ್ಲುತ್ತದೆ. ಹಳೆಯ ಇನ್ವರ್ಟರ್‌ನಲ್ಲಿ ಮುದ್ರಣ ಬೇಡವೇ ಬೇಡ. ಗುಡುಗು ಕೇಳಿಸಿದ ಕೂಡಲೇ ಎಲ್ಲ ಪ್ಲಗ್ಗು, ಇಂಟರ್ನೆಟ್ ತಂತಿ ಸಹಿತ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು.

ಇದೇನೂ ಇಲ್ಲದವರು ಮೊಬೈಲಿನಲ್ಲೇ ಶುರು ಮಾಡಬಹುದು. ಏರೋಪ್ಲೇನ್ ಮೋಡ್ ಹಾಕಿ, ವೇವ್ ಕಡತ ಕೊಡುವ ಆ್ಯಪ್ ಬಳಸಿ, ಸದ್ದನ್ನು ತಾನೇ ಏರಿಸಿ ಇಳಿಸುವ ಆಟೋ ಗೇನನ್ನು ಆಫ್ ಮಾಡಿ. ಅದು ಆನ್ ಇದ್ದರೆ ನೀವು ಉಸಿರು ತೆಗೆದುಕೊಳ್ಳುವ ಸಂದಿಯಲ್ಲೆಲ್ಲ ಹೊರಗಿನ ಮಳೆ ಎದ್ದು ಬರುತ್ತದೆ.

ರೇಡಿಯೊಗೆ

ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿರುವುದು ಕಾರವಾರ ಆಕಾಶವಾಣಿ. ಅಲ್ಲಿ ಹಾಡಲು ಸುಗಮ ಸಂಗೀತದ ಧ್ವನಿ ಪರೀಕ್ಷೆ ಇರುತ್ತದೆ, ಉತ್ತೀರ್ಣರಾದವರಿಗೆ ಶ್ರೇಣಿ ಸಿಗುತ್ತದೆ. ಅರ್ಜಿ ಕರೆಯುವ ಸಮಯವನ್ನು ನಿಲಯಕ್ಕೆ ಹೋಗಿ ಕೇಳಿಕೊಳ್ಳಿ. ಸ್ವಂತ ಸಾಹಿತ್ಯವಾದರೆ ಸಾಹಿತ್ಯಕ್ಕೂ ಪ್ರತ್ಯೇಕ ಒಪ್ಪಿಗೆ ಬೇಕಾಗುತ್ತದೆ, ಆದ್ದರಿಂದ ಕೈಬರಹದಲ್ಲಲ್ಲ, ಟೈಪ್ ಮಾಡಿದ ಪ್ರತಿ ಜೊತೆಗಿರಲಿ. ಪರೀಕ್ಷೆಗೆ ಶ್ರುತಿ ಶುದ್ಧಿ, ಉಚ್ಚಾರ ಇವೇ ಮುಖ್ಯ. ‘ಳ’ವನ್ನು ‘ಲ’ ಮಾಡುವವರು, ‘ಹ’ಕಾರ ನುಂಗುವವರು ಸಿಕ್ಕಿಬೀಳುವುದು ಇಲ್ಲಿ.

ಸಮುದಾಯ ರೇಡಿಯೊದ ಸ್ವಭಾವ ಬೇರೆ. ಇದಕ್ಕೆ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ, ನೋಂದಾಯಿತ ಸೇವಾ ಸಂಸ್ಥೆಗಳಿಗೆ ಮಾತ್ರ ಪರವಾನಗಿ, ವ್ಯಕ್ತಿಗಳಿಗೆ ಇಲ್ಲ. ಪ್ರಸಾರದ ಶಕ್ತಿ ಸಾಮಾನ್ಯವಾಗಿ 100 ವಾಟ್, ಆಂಟೆನಾ ಎತ್ತರ 30 ಮೀಟರ್, ತಲುಪುವುದು ಹೆಚ್ಚೆಂದರೆ ಹತ್ತು ಕಿಲೋಮೀಟರ್ ಆಸುಪಾಸು. ನಮ್ಮಲ್ಲಿ ಒಂದು ಗುಡ್ಡ ಅಡ್ಡ ಬಂದರೆ ಅದೂ ಇಲ್ಲ. ಆದರೆ ಕಾರ್ಯಕ್ರಮದ ಅರ್ಧದಷ್ಟಾದರೂ ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದಲೇ ಆಗಬೇಕು ಎಂಬ ನಿಯಮವಿದೆ. ಹಾಗಾಗಿ ಹೊಸ ಹಾಡುಗಾರರಿಗೆ ಬಾಗಿಲು ಬೇಗ ತೆರೆಯುತ್ತದೆ. ಮಣಿಪಾಲದ ರೇಡಿಯೊ ಮಣಿಪಾಲ್, ಮಂಗಳೂರಿನ ರೇಡಿಯೊ ಸಾರಂಗ್, ಧಾರವಾಡ ಕೃಷಿ ವಿಶ್ವವಿದ್ಯಾಲಯದ ರೇಡಿಯೊ ನಮ್ಮ ಸುತ್ತಲಿನವು. ಅಲ್ಲಿ ಓದುವ, ಕೆಲಸ ಮಾಡುವ ನಮ್ಮ ಜಿಲ್ಲೆಯವರು ತಮ್ಮ ಹಾಡು, ಅದರ ಹಿಂದಿನ ಊರಿನ ಕಥೆ ಎರಡನ್ನೂ ಸೇರಿಸಿ ಅರ್ಧ ಗಂಟೆಯ ಕಾರ್ಯಕ್ರಮವಾಗಿ ಕೊಡಬಹುದು. ಬರೀ ಹಾಡಿಗಿಂತ ಹಾಡು-ಮಾತು ಕೂಡಿದ್ದಕ್ಕೆ ಸಮಯ ಸಿಗುವುದು ಸುಲಭ. ಕೊಂಕಣಿ, ಹವ್ಯಕ, ಹಾಲಕ್ಕಿ ನುಡಿಯ ಹಾಡಿದ್ದರೆ ಮುಂದಿಡಲು ಹಿಂಜರಿಯಬೇಡಿ, ಸಮುದಾಯ ರೇಡಿಯೊ ಇರುವುದೇ ಆ ನುಡಿಗಳಿಗಾಗಿ.

ಕಳಿಸುವ ಪ್ರತಿ ಹೀಗಿರಲಿ: ವೇವ್ ಕಡತ, ನಾಲ್ಕು ನಿಮಿಷದೊಳಗೆ, ಮೊದಲ ವಾದ್ಯ ಭಾಗ ಹನ್ನೆರಡು ಸೆಕೆಂಡಿಗಿಂತ ಉದ್ದವಲ್ಲ, ಕೊನೆ ಸ್ಪಷ್ಟ. ಮೆಲ್ಲಗೆ ಕರಗುತ್ತಾ ಹೋಗುವ ಮುಕ್ತಾಯವನ್ನು ನಿರೂಪಕರು ನಡುವೆಯೇ ಕತ್ತರಿಸಿಬಿಡುತ್ತಾರೆ. ಎಫ್‌ಎಂ ಪ್ರಸಾರದಲ್ಲಿ ತಾರಕದ ಆವರ್ತನಗಳನ್ನು ಎತ್ತಿ ಕಳಿಸುವುದರಿಂದ ‘ಸ’, ‘ಶ’, ‘ಚ’ ಜೋರಾಗಿದ್ದರೆ ರೇಡಿಯೊದಲ್ಲಿ ಸೀಳುತ್ತವೆ. 5ರಿಂದ 8 ಕಿಲೋಹರ್ಟ್ಸ್ ನಡುವೆ ಡಿ-ಎಸ್ಸರ್ (ತಂತ್ರಾಂಶದಲ್ಲಿ ಈ ಸೀಳು ಸದ್ದನ್ನು ತಗ್ಗಿಸುವ ಸಾಧನ) ಹಾಕಿ ಮೂರ್ನಾಲ್ಕು ಡೆಸಿಬೆಲ್ ತಗ್ಗಿಸಿ. ಕೊನೆಗೊಮ್ಮೆ ಮಿಶ್ರಣವನ್ನು ಮೋನೊ (ಎಡ, ಬಲ ಎರಡೂ ಸೇರಿ ಒಂದೇ ಧ್ವನಿ) ಮಾಡಿ ಸಣ್ಣ ಸ್ಪೀಕರಿನಲ್ಲಿ ಕೇಳಿ. ಎರಡು ಮೈಕಿನಲ್ಲಿ ಹಿಡಿದ ಗಿಟಾರು ಮೋನೊದಲ್ಲಿ ತೆಳುವಾದರೆ ತಂತ್ರಾಂಶದಲ್ಲಿ ಒಂದರ ಪೊಲಾರಿಟಿ (ಅಲೆಯ ಮೇಲು-ಕೆಳಗು) ತಿರುಗಿಸಿ. ಆಗಲೂ ಸರಿಹೋಗದಿದ್ದರೆ ಒಂದೇ ಮೈಕಿನದ್ದು ಇಟ್ಟುಕೊಳ್ಳಿ. ಅಡುಗೆಮನೆಯ ರೇಡಿಯೊದಲ್ಲಿ ಕೇಳುವವರಿಗೆ ಸ್ಟೀರಿಯೊ ಇರುವುದಿಲ್ಲ.

ಜೊತೆಗೆ ಒಂದು ಪುಟ: ಹಾಡಿನ ಹೆಸರು, ಸಾಹಿತ್ಯ, ರಾಗ ಸಂಯೋಜನೆ, ಗಾಯನ, ವಾದ್ಯದವರು, ಅವಧಿ, ಪ್ರಸಾರಕ್ಕೆ ಒಪ್ಪಿಗೆ ಇದೆ ಎಂಬ ಸಹಿ, ನಿರೂಪಕರು ಓದಲು ಎರಡು ಸಾಲಿನ ಪರಿಚಯ. ಈ ಪುಟ ಇಲ್ಲದ ಹಾಡು ಎಷ್ಟು ಚೆನ್ನಾಗಿದ್ದರೂ ಪೆನ್‌ಡ್ರೈವಿನಲ್ಲೇ ಉಳಿಯುತ್ತದೆ.

ಹಕ್ಕಿನ ಕಾಗದ

ಬೇರೆ ಕವಿಯ ಸಾಲಿಗೆ ರಾಗ ಹಾಕಿದ್ದರೆ ಮೊದಲು ಒಪ್ಪಿಗೆ ಪಡೆಯಿರಿ. ಕೃತಿಸ್ವಾಮ್ಯ ಕವಿ ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ ಇರುತ್ತದೆ. ನಮ್ಮ ಜಿಲ್ಲೆಯ ಚುಟುಕ ಕವಿ ದಿನಕರ ದೇಸಾಯಿ ತೀರಿಕೊಂಡದ್ದು 1982ರಲ್ಲಿ, ಅವರ ಸಾಲುಗಳ ಹಕ್ಕು 2042ರ ಕೊನೆಯವರೆಗೆ ವಾರಸುದಾರರದ್ದು. ವಚನ, ದಾಸರ ಪದಗಳಿಗೆ ಈ ತೊಡಕಿಲ್ಲ. ಜನಪದ ಹಾಡಿನಲ್ಲಿ ‘ಸಾಹಿತ್ಯ: ನಾನು’ ಎಂದು ಬರೆಯುವುದು ಕಾನೂನಿಗಿಂತ ಮೊದಲು ಮರ್ಯಾದೆಯ ಪ್ರಶ್ನೆ. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ನೆನಪಿನಲ್ಲೇ ಕಾಪಿಟ್ಟ ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು; ಆ ಹಾಡುಗಳು ಒಂದು ಸಮುದಾಯದ ಸೊತ್ತು. ಯಾವ ಊರಿನ, ಯಾರ ಬಾಯಿಂದ ಕಲಿತ ಧಾಟಿ ಎಂದು ಬರೆಯಿರಿ, ಹಾಡಿಕೊಟ್ಟವರಿಗೆ ಸಂಭಾವನೆಯಲ್ಲಿ ಪಾಲು ಕೊಡಿ.

ಯಾವುದಾದರೂ ಆಡಿಯೊ ಕಂಪನಿ ಹಕ್ಕು ಕೇಳಿದರೆ ಬರಹದಲ್ಲೇ ಇರಲಿ, ಅವಧಿ ನಮೂದಾಗಲಿ. ಅವಧಿ ಬರೆಯದ ಒಪ್ಪಂದ ಕಾನೂನಿನಂತೆ ಐದು ವರ್ಷ. ಜೊತೆಗೆ 2012ರ ತಿದ್ದುಪಡಿಯ ನಂತರ ಸಾಹಿತಿ, ಸಂಯೋಜಕರ ರಾಯಧನದ ಪಾಲನ್ನು ಕಂಪನಿಗೆ ಬರೆದುಕೊಡಲು ಬರುವುದಿಲ್ಲ. ಹಾಡು ಬಿಡುಗಡೆಯಾದ ಮೇಲೆ, ಸಾಹಿತಿ, ಸಂಯೋಜಕರ ರಾಯಧನ ಸಂಗ್ರಹಿಸಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್ ಸದಸ್ಯತ್ವಕ್ಕೆ ಅರ್ಜಿ ಹಾಕಿ. ತಬಲಾದವರು, ಕೊಳಲಿನವರ ಜೊತೆ ಯಾರಿಗೆ ಎಷ್ಟು ಪಾಲು ಎಂಬುದನ್ನು ಮುದ್ರಣದ ದಿನವೇ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ. ಹಣ ಬಂದ ಮೇಲೆ ಮಾತಾಡಲು ಹೊರಟರೆ ಸ್ನೇಹ ಉಳಿಯುವುದಿಲ್ಲ.

ವೇದಿಕೆ

ಒಪ್ಪುವ ಮೊದಲು ಕೇಳಬೇಕಾದ್ದು: ಅದೇ ದಿನ ಹತ್ತಿರದಲ್ಲಿ ಯಕ್ಷಗಾನ ಮೇಳದ ಆಟ ಇದೆಯೇ? ಇದ್ದರೆ ಎಂಟು ಗಂಟೆಯೊಳಗೆ ನಿಮ್ಮದು ಮುಗಿಯಲಿ, ಜನ ಎದ್ದು ಹೋಗುವುದು ಖಚಿತ. ಧ್ವನಿವರ್ಧಕಕ್ಕೆ ಬರಹದ ಅನುಮತಿ ತೆಗೆದುಕೊಂಡಿದ್ದಾರೆಯೇ? ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಬಳಸುವಂತಿಲ್ಲ. ಮುಂಗಡ ಅರ್ಧ ಹಣ, ಮಳೆಗೆ ರದ್ದಾದರೆ ಎಷ್ಟು ಎಂಬುದು ಮೊದಲೇ ತೀರ್ಮಾನವಾಗಲಿ. ಪೆಟ್ರೋಲು, ವಾದ್ಯದವರ ಹಣ, ಊಟ ಕಳೆದು ಉಳಿಯುವುದೇ ನಿಮ್ಮ ಸಂಭಾವನೆ. ಘಟ್ಟ ಹತ್ತಿಳಿಯುವ ಕಾರ್ಯಕ್ರಮಕ್ಕೆ ಅಕ್ಟೋಬರಿನವರೆಗೂ ಎರಡು ಗಂಟೆ ಹೆಚ್ಚು ಇಟ್ಟುಕೊಳ್ಳಿ. ಕೊಂಕಣ ರೈಲ್ವೆಗೆ ಮಳೆಗಾಲದ ಬೇರೆ ವೇಳಾಪಟ್ಟಿ ಇದೆ ಎಂಬುದೂ ನೆನಪಿರಲಿ.

ಮುಕ್ಕಾಲು ಗಂಟೆ ಕೊಟ್ಟಿದ್ದಾರೆಂದರೆ ಹಾಡುಗಳು ಒಂಬತ್ತು. ಆದರೆ ಸನ್ಮಾನ, ಭಾಷಣ ಬೆಳೆದು ನಿಮಗೆ ಇಪ್ಪತ್ತೇ ನಿಮಿಷ ಉಳಿಯಬಹುದು. ಆ ಒಂಬತ್ತರಲ್ಲೇ ನಾಲ್ಕನ್ನು ಗುರುತು ಹಾಕಿ ಬೇರೆ ಸರದಿ ಸಿದ್ಧ ಮಾಡಿಟ್ಟಿರಿ. ಸ್ವಂತ ಹಾಡುಗಳಲ್ಲಿ ಅತ್ಯುತ್ತಮವಾದದ್ದು ಎರಡನೆಯದಾಗಿರಲಿ. ಮೊದಲ ಹಾಡಿನಲ್ಲಿ ಮೈಕಿನವರು ಇನ್ನೂ ಗುಂಡಿ ತಿರುಗಿಸುತ್ತಿರುತ್ತಾರೆ.

ಮೈಕ್ ಸೆಟ್‌ನವರು ಎಕೋ ಹಾಕಿಯೇ ಹಾಕುತ್ತಾರೆ. ಭಜನೆಗೆ ಅದು ಚಂದ, ಹೊಸ ಸಾಹಿತ್ಯಕ್ಕೆ ಶತ್ರು: ಹಿಂದಿನ ಶಬ್ದ ಮುಂದಿನದರ ಮೇಲೆ ಬಿದ್ದು ಮೊದಲ ಸಲ ಕೇಳುವವರಿಗೆ ಒಂದೂ ತಿಳಿಯುವುದಿಲ್ಲ. “ಅಣ್ಣ, ಎಕೋ ಪೂರ್ತಿ ತೆಗೀರಿ, ಕಡೆಗೆ ಬೇಕಾದ್ರೆ ಸ್ವಲ್ಪ ಹಾಕೋಣ” ಎಂದು ಮೈಕ್ ಪರೀಕ್ಷೆಯ ಹೊತ್ತಿಗೇ ಪ್ರೀತಿಯಿಂದ ಹೇಳಿ. ಗಿಟಾರಿಗೆ ನಿಮ್ಮದೇ ಡಿಐ ಬಾಕ್ಸ್ (ಗಿಟಾರನ್ನು ಉದ್ದ ತಂತಿಯಲ್ಲಿ ಮಿಕ್ಸರಿಗೆ ಜೋಡಿಸಲು ಬಳಸುವ ಸಣ್ಣ ಪೆಟ್ಟಿಗೆ) ಒಯ್ಯಿರಿ. ಆರು ಮೀಟರಿಗಿಂತ ಉದ್ದದ ಸಾದಾ ಕೇಬಲ್ಲಿನಲ್ಲಿ ತಾರಕ ಸೋರಿ, ಹೂಂಕಾರ ಸೇರುತ್ತದೆ. ಸ್ಪೀಕರಿನ ಸದ್ದು ಮರಳಿ ಹೊಕ್ಕು ಗಿಟಾರು ಕೂಗಿದರೆ ರಂಧ್ರಕ್ಕೆ ರಬ್ಬರಿನ ಮುಚ್ಚಳ ಹಾಕಿ.

ಕಡಲತೀರದ ವೇದಿಕೆಯಾದರೆ ಗಾಳಿಯ ಲೆಕ್ಕ ಬೇಕು. ಮಧ್ಯಾಹ್ನದಿಂದ ಸಂಜೆಯವರೆಗೆ ಗಾಳಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ. ಸ್ಪೀಕರುಗಳು ಕಡಲಿಗೆ ಬೆನ್ನು ಮಾಡಿದ್ದರೆ ಧ್ವನಿ ಗಾಳಿಯ ಜೊತೆ ಜನರ ಕಡೆ ಹೋಗುತ್ತದೆ. ಎದುರುಗಾಳಿಗೆ ಇಟ್ಟರೆ ಧ್ವನಿ ಮೇಲಕ್ಕೆ ಬಾಗಿ, ಹಿಂದಿನ ಸಾಲಿನವರಿಗೆ ಏನೂ ಕೇಳಿಸದು, ಎಷ್ಟು ವಾಲ್ಯೂಮ್ ಏರಿಸಿದರೂ ಅಷ್ಟೇ. ಮೈಕಿಗೆ ಸ್ಪಂಜಿನ ಟೋಪಿ, ಮಿಕ್ಸರಿನಲ್ಲಿ 100 ಹರ್ಟ್ಸ್ ಲೋ ಕಟ್ (ಅದಕ್ಕಿಂತ ಕೆಳಗಿನ ಮಂದ್ರ ಸದ್ದನ್ನು ತೆಗೆಯುವ ಗುಂಡಿ) ಇರಲಿ.

ಎಲ್ಲಕ್ಕಿಂತ ಮುಖ್ಯ ವಿದ್ಯುತ್ತು. ಜನರೇಟರಿಗೆ ಅರ್ಥಿಂಗ್ ಇಲ್ಲದೆ, ಕಾಲಡಿ ಒದ್ದೆ ಮರಳಿದ್ದು, ಕೈಯಲ್ಲಿ ಗಿಟಾರಿನ ತಂತಿ, ತುಟಿಗೆ ಮೈಕು ತಾಗಿದರೆ ಜೀವಕ್ಕೇ ಅಪಾಯ. ಹಾಡುವ ಮೊದಲು ಮಲ್ಟಿಮೀಟರನ್ನು ಎಸಿಗೆ ಇಟ್ಟು ಒಂದು ತುದಿಯನ್ನು ಗಿಟಾರಿನ ತಂತಿಗೆ, ಇನ್ನೊಂದನ್ನು ಮೈಕಿನ ಜಾಲರಿಗೆ ಮುಟ್ಟಿಸಿ. ಒಂದೆರಡು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಸರಿಮಾಡುವವರೆಗೆ ಮೈಕಿನ ಹತ್ತಿರ ಹೋಗಬೇಡಿ, ಯಾರು ಎಷ್ಟೇ ಅವಸರ ಮಾಡಲಿ. ಬರಿಗಾಲು ಬೇಡ, ರಬ್ಬರ್ ಚಪ್ಪಲಿ ಇರಲಿ.

ಮನೆಗೆ ಬಂದ ರಾತ್ರಿಯೇ ತಂತಿ, ಜ್ಯಾಕು, ಸ್ಟ್ಯಾಂಡನ್ನು ಒಣ ಬಟ್ಟೆಯಲ್ಲಿ ಒರೆಸಿ. ಉಪ್ಪು ಗಾಳಿಗೆ ಗಿಟಾರಿನ ಜ್ಯಾಕಿನೊಳಗೆ ಹಸಿರು ಕಿಲುಬು ಕಟ್ಟಿ ಮುಂದಿನ ಕಾರ್ಯಕ್ರಮದಲ್ಲಿ ಕರಕರ ಎನ್ನುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿ ಕಡ್ಡಿಯನ್ನು ಒಳಗೆ ನಾಲ್ಕು ಸುತ್ತು ತಿರುಗಿಸಿದರೆ ಹೋಗುತ್ತದೆ.

ಕಡತಗಳನ್ನು ಉಳಿಸುವುದು

ಪ್ರತಿ ಹಾಡಿನ ಪ್ರತಿ ಟ್ರ್ಯಾಕನ್ನೂ ಸೊನ್ನೆ ಸೆಕೆಂಡಿನಿಂದಲೇ ಶುರುವಾಗುವ ವೇವ್ ಕಡತವಾಗಿ ತೆಗೆದಿಡಿ. ತಂತ್ರಾಂಶ ಬದಲಾದರೂ ಹತ್ತು ವರ್ಷದ ನಂತರ ಎಲ್ಲವನ್ನೂ ಸಾಲಾಗಿಟ್ಟರೆ ಹಾಡು ಕೂಡಿಕೊಳ್ಳುತ್ತದೆ. ಕಡತದ ಹೆಸರಿನಲ್ಲಿ ಹಾಡು, ವಾದ್ಯ, ದಿನಾಂಕ, ತಾಳದ ವೇಗ ಇರಲಿ. ಎರಡು ಹಾರ್ಡ್ ಡಿಸ್ಕಿನಲ್ಲಿ ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿ, ಹೊಳೆ ನೀರು ಏರದ ಕಡೆ, ಜೆಲ್ ಹಾಕಿದ ಡಬ್ಬದಲ್ಲಿ ಇಡಿ. ಮೇ ಕೊನೆಯಲ್ಲಿ ಎರಡನ್ನೂ ತೆರೆದು, ಒಂದೊಂದು ಹಾಡು ಪೂರ್ತಿ ಕೇಳಿ ನೋಡಿ, ಕೆಟ್ಟ ಕಡತವನ್ನು ಇನ್ನೊಂದರಿಂದ ತುಂಬಿಕೊಳ್ಳಿ.